ಮಾಪಣ್ಣನ ಹಿಂದಿನ ಆಳು

ನನ್ನ ತಮ್ಮ ಮಾಪಣ್ಣ ವಾಶಿಯ ಹಣ್ಣಿನ ಮಾರ್ಕೆಟಿನಲ್ಲಿ ಹತ್ತೊಂಬತ್ತು ವರ್ಷ ಕಲ್ಲಂಗಡಿ ಹಿಡಿದವನು. ಲಾರಿಯ ಮೇಲಿನವನು ಎಸೆಯುತ್ತಾನೆ, ಕೆಳಗಿನವನು ಹಿಡಿದು ಹಿಂದಿನವನಿಗೆ ಎಸೆಯುತ್ತಾನೆ, ಹಾಗೆ ಸಾಲಿನಲ್ಲಿ ಹಣ್ಣು ಗಾಳಿಯಲ್ಲೇ ಅಂಗಡಿ ಸೇರುತ್ತದೆ. ಯಾರೂ ನಿಂತು ಹಿಂದೆ ನೋಡುವುದಿಲ್ಲ. ಹಿಂದಿನವನ ಕೈ ಖಾಲಿ ಇಲ್ಲದಿದ್ದರೆ ಅವನು "ತಡಿ" ಎನ್ನುತ್ತಾನೆ. ಹಾಗೆಂದಾಗ ಹಣ್ಣನ್ನು ಹೊಟ್ಟೆಗೆ ಅವಚಿಕೊಂಡು ನಿಲ್ಲಬೇಕು, "ಬಿಡು" ಎಂದ ಮೇಲೆಯೇ ಎಸೆಯಬೇಕು. ಗದ್ದಲದಲ್ಲಿ ಕೇಳಿಸದಿದ್ದರೆ ಹಿಂದಿನವನು ಎರಡೂ ಕೈ ಬೆನ್ನಿಗೆ ಕಟ್ಟಿ ನಿಲ್ಲುತ್ತಾನೆ, ಎಸೆಯಲು ತಿರುಗಿದವನ ಕಣ್ಣಂಚಿಗೆ ಅದು ಬೀಳುತ್ತದೆ; ಮತ್ತೆ ಕೈ ಮುಂದೆ ಚಾಚಿದರೆ "ಬಿಡು" ಎಂದಂತೆ. ಮಾಪಣ್ಣನ ಹಿಂದೆ ಅಷ್ಟೂ ವರ್ಷ ನಿಂತವರು ನನ್ನ ಯಜಮಾನರು, ಯಂಕಪ್ಪ. ಅವರು ತೀರಿಹೋಗಿ ಈ ಬರುವ ಶ್ರಾವಣಕ್ಕೆ ಮೂರು ವರ್ಷ.

ಆಮೇಲೆ ಮಾಪಣ್ಣನ ಸೊಂಟ ಕೆಟ್ಟಿತು. ಡಾಕ್ಟರು ಭಾರ ಎತ್ತಬೇಡ ಎಂದರು. ಅವನು ಮಾಲ್‌ಗಳ ಜ್ಯೂಸ್ ಅಂಗಡಿಗೆ ಸಣ್ಣ ಬುಟ್ಟಿಯಲ್ಲಿ ಹಣ್ಣು ಮುಟ್ಟಿಸತೊಡಗಿದ. ಒಂದು ಮಾಲಿನ ಕೆಳ ಅಂತಸ್ತಿನಲ್ಲಿ ಮಂಜುಗಡ್ಡೆಯ ಅಂಗಳವಿದೆ. ಅಲ್ಲಿ ಹುಡುಗರು ಕಾಲಿಗೆ ಕಬ್ಬಿಣದ ಅಲಗು ಕಟ್ಟಿಕೊಂಡು ಐಸ್ ಹಾಕಿ ಆಟ ಆಡುತ್ತಾರೆ. ಚೆಂಡಿನ ಬದಲು ಪಕ್ ಎಂಬ ರಬ್ಬರ್ ತುಂಡು, ಅಂಗೈ ಅಗಲ, ಹೆಬ್ಬೆರಳು ದಪ್ಪ. ಒಂದು ದಿನ ಅದು ಗೋಡೆ ಹಾರಿ ಬಂತು. ಮಾಪಣ್ಣ ತಲೆಯ ಮೇಲಿನ ಬುಟ್ಟಿ ಅಲುಗಿಸದೆ ಒಂದೇ ಕೈಯಲ್ಲಿ ಹಿಡಿದು, ನೋಡದೆಯೇ ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಅದು ಜ್ಯೂಸ್ ಅಂಗಡಿಯ ಮಿಕ್ಸರಿಗೆ ಬಿತ್ತು.

ತಂಡದ ಕೋಚ್ ಕೌಶಲ್, ಉಡುಪಿಯವರ ಮಗ, ಓಡಿ ಬಂದ. "ಅಣ್ಣ, ಅದನ್ನು ಹೇಗೆ ಹಿಡಿದ್ರಿ ಮಾರಾಯ್ರೆ? ನಮ್ಮಲ್ಲಿ ಗೋಲಿಗೆ ನಿಲ್ಲುವವರೇ ಇಲ್ಲ!"

"ಜಾರಲಿಕ್ಕೆ ಬರಂಗಿಲ್ರೀ ನನಗ."

"ಜಾರುದು ಬೇಡ. ಗೋಲಿನ ಬಲೆಗೂಡಿನ ಎದುರು ನಿಂತು ಪಕ್ ತಡೆದ್ರೆ ಸಾಕು. ಎಲ್ಲ ಸರಿ ಹೋದ್ರೆ ತಿಂಗಳ ಪಗಾರ."

ಸೊಂಟ ಕೆಟ್ಟವನಿಗೆ ನಿಲ್ಲುವ ಕೆಲಸ ಎಲ್ಲಿ ಸಿಗುತ್ತದೆ? ಮಾಪಣ್ಣ ಒಪ್ಪಿದ. ಎರಡೂ ಕಾಲಿಗೆ ಮಡಚಿದ ಗಾದಿಯಂಥದ್ದು ಕಟ್ಟಿದರು, ಮುಖಕ್ಕೆ ಜಾಲರಿ ಹಾಕಿದರು. ಅಷ್ಟಕ್ಕೆ ನಲವತ್ತು ನಿಮಿಷ ಹಿಡಿಯಿತು. ಗೂಡಿನ ಕಂಬಿ ಹಿಡಿದುಕೊಂಡು ನಿಂತ.

ಮೊದಲ ಆಟದಲ್ಲಿ ಪಕ್ ಬಂದಾಗಲೆಲ್ಲ ಅವನು ಹಿಡಿದ. ಹಿಡಿದು, ತಿರುಗಿ, ಹಿಂದಕ್ಕೆ ಎಸೆದ. ಹಿಂದೆ ಇದ್ದದ್ದು ಅವನದೇ ಗೂಡು. ತಂಡ ಒಂಬತ್ತು ಗೋಲಿನಿಂದ ಸೋತಿತು, ಒಂಬತ್ತೂ ಮಾಪಣ್ಣನೇ ಹಾಕಿದ್ದು.

ಸಾನಪಾಡಾದ ಮನೆಗೆ ಬಂದು ಮುಖ ಮುಚ್ಚಿ ಕುಳಿತ.

"ಏನಾಗ್ತದೋ ನಿನಗ?" ಎಂದೆ.

"ಅಕ್ಕಾ, ಕೈಗಿ ಬಂತಂದ್ರ ಹಿಂದ ಮಾವ ನಿಂತಾನ ಅನಸ್ತದ. ಕೈ ತಾನಾಗೇ ಹೋಗ್ತದ. ಏನ್ ಮಾಡ್ಲಿ?"

ನಾನು ಯೋಚಿಸಿದೆ. ಮರುದಿನ ಸ್ಟೂಲು ಹಿಡಿದು ಅವನ ಜೊತೆ ಹೋದೆ, ಗೂಡಿನ ಹಿಂದೆ, ಗಾಜಿನ ಈಚೆ ಕುಳಿತೆ. ಪಕ್ ಅವನ ಕೈಗೆ ಬಂದ ಕೂಡಲೇ "ತಡಿ!" ಎಂದು ಕೂಗಿದೆ. ಮಾಪಣ್ಣ ಹೊಟ್ಟೆಗೆ ಅವಚಿಕೊಂಡ. ಕೀಪರ್ ಹಾಗೆ ಅವಚಿದರೆ ಅಂಪೈರ್ ಸೀಟಿ ಊದಿ ಆಟ ನಿಲ್ಲಿಸಬೇಕಂತೆ, ಅದೇ ಕಾನೂನಂತೆ. ಕೌಶಲ್ ನನ್ನ ಕಾಲಿಗೆ ಬೀಳಲು ಹೋಗಿ ಜಾರಿ ನಿಜಕ್ಕೂ ಬಿದ್ದ.

ಆಟದಲ್ಲಿ ಮೂರು ಪಾಳಿ. ಪ್ರತಿ ಪಾಳಿಗೂ ಗೂಡು ಬದಲು. ನಾನು ಸ್ಟೂಲು ಎತ್ತಿಕೊಂಡು ಅಂಗಳ ಸುತ್ತಬೇಕು, ನೂರ ಎಪ್ಪತ್ತು ಹೆಜ್ಜೆ. ಹೀಗೆ ನಾಲ್ಕು ಆಟ ಗೆದ್ದು ಫೈನಲ್ ಮುಟ್ಟಿದೆವು, ಠಾಣೆಯವರ ಮೇಲೆ.

ಕೌಶಲ್ ಮೊದಲೇ ಹೇಳಿದ. "ಅಣ್ಣ, ಇವತ್ತು ಒಂದೇ ಒಂದು ಸಲ ನಮ್ಮ ಗೂಡಿಗೆ ಹಾಕಿದ್ರೂ ಮ್ಯಾನೇಜ್‌ಮೆಂಟ್ ಐರೋಲಿಯ ಕೀಪರನ್ನು ತಗೊಳ್ತದೆ. ನನ್ನ ಕೈಯಲ್ಲಿಲ್ಲ."

ಠಾಣೆಯವರೂ ದಡ್ಡರಲ್ಲ. ಎರಡನೆಯ ಪಾಳಿಗೆ ಕನ್ನಡ ಬಲ್ಲ ಒಬ್ಬನನ್ನು ತಂದು ನನ್ನ ಪಕ್ಕದಲ್ಲೇ ನಿಲ್ಲಿಸಿದರು. ನಾನು "ತಡಿ" ಎಂದರೆ ಅವನು "ಬಿಡು, ಬಿಡು!" ಎಂದು ಅರಚಿದ. ಮಾಪಣ್ಣ ಪಕ್ ಅವಚಿಕೊಂಡೇ ತಿರುಗಿ ನೋಡಿದ.

"ನೀ ಯಾವ ಗ್ಯಾಂಗಿನಾಂವ ಲೇ? ನಡುವ ಬಾಯಿ ಹಾಕಬ್ಯಾಡ!"

ಅವನು ಸುಮ್ಮನಾಗಲಿಲ್ಲ. ಅವನಿಗಿಂತ ಜೋರಾಗಿ ಕೂಗಿ ಕೂಗಿ, ಮೂರನೆಯ ಪಾಳಿಗೆ ನನ್ನ ಗಂಟಲು ಪೂರ್ತಿ ಕಟ್ಟಿತು. ನಾವು ಒಂದು ಗೋಲು ಮುಂದಿದ್ದೆವು. ಗಡಿಯಾರದಲ್ಲಿ ಐದು ಸೆಕೆಂಡು ಇತ್ತು. ಪಕ್ ಬಂತು. ಮಾಪಣ್ಣ ಹಿಡಿದ. ತಿರುಗಿದ. ನಾನು ಬಾಯಿ ತೆರೆದೆ, ಬರೀ ಗಾಳಿ ಬಂತು. ಅವನ ಕೈ ಮೇಲೆದ್ದಿತ್ತು.

ನಾನು ಎದ್ದು ನಿಂತು ಎರಡೂ ಕೈ ಬೆನ್ನಿಗೆ ಕಟ್ಟಿದೆ.

ಕೈ ಅಲ್ಲೇ ನಿಂತಿತು. ಪಕ್ ಹೊಟ್ಟೆಗೆ ಬಂತು. ಸೀಟಿ ಕೂಗಿತು.

ಅಂಪೈರ್ ಬಂದು ಪಕ್ ಕೇಳಿದ. ಮಾಪಣ್ಣ ಕೊಡಲಿಲ್ಲ. "ಅಕ್ಕ ಇನ್ನಾ ಹೇಳಿಲ್ರೀ." ಅಂಪೈರ್ ಜಗ್ಗಿದ, ಮಾಪಣ್ಣ ಜಗ್ಗಿದ, ಇಬ್ಬರೂ ಮಂಜಿನ ಮೇಲೆ ಬೀಸುಕಲ್ಲಿನಂತೆ ಎರಡು ಸುತ್ತು ತಿರುಗಿದರು. ಕೌಶಲ್ ಗಾಜು ಬಡಿದ. "ಅಮ್ಮ, ಬಿಡ್ಲಿಕ್ಕೆ ಹೇಳಿ ಮಾರಾಯ್ರೆ!" ನಾನು ಕೈ ಮುಂದೆ ಚಾಚಿದೆ. ಮಾಪಣ್ಣ ಕೂಡಲೇ ನನ್ನ ಕಡೆಗೆ ಎಸೆದ, ಪಕ್ ನೇರ ಗೂಡಿಗೆ ಹೋಯಿತು. ಠಾಣೆಯವರು ಕುಣಿದರು. ಸೀಟಿ ಆದ ಮೇಲಿನದು ಲೆಕ್ಕಕ್ಕಿಲ್ಲ ಎಂದು ಅಂಪೈರ್ ಎರಡು ಕೈ ಆಡಿಸಿ ಹೇಳಿದಾಗ ಅವರ ಒಂದು ಕಾಲು ಇನ್ನೂ ಗಾಳಿಯಲ್ಲೇ ಇತ್ತು.

ಉಳಿದ ಸೆಕೆಂಡುಗಳಲ್ಲಿ ಪಕ್ ನಮ್ಮ ಗೂಡಿನ ಕಡೆ ಬರಲೇ ಇಲ್ಲ, ಗೆದ್ದೆವು. ಮಾಪಣ್ಣನಿಗೆ ಪಗಾರದ ಕೆಲಸ ಆಯಿತು. ಬಾಗಿಲಲ್ಲಿ ನನ್ನನ್ನು ತಡೆಯದಿರಲೆಂದು ಕೌಶಲ್ ನನಗೂ ಒಂದು ಕಾರ್ಡ್ ಮಾಡಿಸಿದ.

"ಅಮ್ಮನ ಹುದ್ದೆ ಎಂಥ ಅಂತ ಬರೆಯುದು?" ಎಂದು ಕೇಳಿದ.

"ಹಿಂದಿನ ಆಳು ಅಂತ ಬರೀರಿ," ಎಂದ ಮಾಪಣ್ಣ. "ಅದು ಮಾವನ ಜಾಗಾ."

ಹಾಗೆಯೇ ಬರೆದಿದ್ದಾರೆ. ಶರಣಬಸಮ್ಮ, ಹಿಂದಿನ ಆಳು. ಫೋಟೋದಲ್ಲಿ ನನ್ನ ಬಾಯಿ ತೆರೆದಿದೆ.