ಹೆಸರು ಹೇಳಲಾಗದ ಎರಡು ರಾಟವಾಳಗಳು

ಹಂಪನಕಟ್ಟೆಯಲ್ಲಿ ಬಸ್ಸಿಳಿದು ನಡೆಯುವಾಗ ಎರಡು ಬಟ್ಟೆ ಅಂಗಡಿಗಳ ನಡುವೆ ಇಷ್ಟೇ ಇಷ್ಟು ಅಗಲದ ಒಂದು ಅಂಗಡಿ ಇದೆ. ಬಣ್ಣದ ಮೀನು, ಮೊಲ, ಪಂಜರದ ಹಕ್ಕಿಗಳನ್ನು ಮಾರುತ್ತಾರೆ. ಅದರ ಮುಂದೆ ಹಾದುಹೋಗುವಾಗ ನವಣೆಯ ಹೊಟ್ಟು, ಹಕ್ಕಿಯ ಹಿಕ್ಕೆ, ಪಂಜರದ ತಳಕ್ಕೆ ಹಾಸಿದ ಹಳೆಯ ಪೇಪರು ಎಲ್ಲ ಸೇರಿದ ಒಂದು ಒಣ ವಾಸನೆ ಮೂಗಿಗೆ ಬಡಿಯುತ್ತದೆ. ಅಷ್ಟೇ ಸಾಕು, ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ. ನಗಬೇಡಿ. ಮೊಮ್ಮಗಳನ್ನು ಶಾಲೆಗೆ ಬಿಡುವ ವಯಸ್ಸಿನವಳು ನಾನು. ಆದರೂ ಆ ವಾಸನೆ ಬಂದಾಗ ನನಗೆ ಹತ್ತೇ ವರ್ಷ, ಉರ್ವದ ಮನೆಯ ಚಾವಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೇನೆ, ಮಾವ ಎದುರಿಗೆ ಕುಳಿತಿದ್ದಾರೆ. ಚಿಕ್ಕಂದಿನಲ್ಲಿ ಹಿರಿಯರೊಬ್ಬರಿಗೆ ಹೆದರಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಅಮ್ಮ ಮುಂಬಯಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದುದರಿಂದ ನನ್ನನ್ನು ಶಾಲೆಗೆಂದು ಉರ್ವದಲ್ಲಿ, ಅಮ್ಮನ ತವರಿನಲ್ಲಿ ಬಿಟ್ಟಿದ್ದರು. ಆ ಮನೆಯ ಯಜಮಾನರು ಅಮ್ಮನ ಅಣ್ಣ. ನಮ್ಮ ಕಡೆ ತಾಯಿಯ ಮನೆಯಲ್ಲಿ ಸೋದರಮಾವನ ಮಾತೇ ಕೊನೆಯ ಮಾತು, ಅದಕ್ಕೆ ಮೇಲೆ ಅಪೀಲಿಲ್ಲ. ಮಾವನಿಗೆ ಪೇಟೆಯಲ್ಲಿ ಹೋಟೆಲಿತ್ತು. ಮಧ್ಯಾಹ್ನ ಒಂದೂವರೆಗೆ ಅವರ ಸ್ಕೂಟರು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಂತೆ ಮನೆಗೆ ಮನೆಯೇ ಉಸಿರು ಹಿಡಿಯುತ್ತಿತ್ತು. ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ರೇಡಿಯೋ ಬಾಯಿ ಮುಚ್ಚುತ್ತಿತ್ತು, ನಾನು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದೆ. ಅವರು ಯಾರಿಗೂ ಒಂದು ಏಟು ಹೊಡೆದವರಲ್ಲ. ಹೊಡೆದಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಣ್ಣು ಮಿಟುಕಿಸದೆ ನೋಡುತ್ತಾ ಕೂರುತ್ತಿದ್ದರು. ಆ ಹೊತ್ತಿನಲ್ಲಿ ನನ್ನ ಹೆಸರು ಕೇಳಿದ್ದರೂ ನಾನು ತಡವರಿಸುತ್ತಿದ್ದೆ.

ಆ ಮನೆಯಲ್ಲಿ ನನಗಿದ್ದ ಒಂದೇ ಬೆಳಕೆಂದರೆ ಸುಮತಿ ಚಿಕ್ಕಮ್ಮ, ಅಮ್ಮನ ತಂಗಿ. ಬಿ.ಎ. ಮುಗಿಸಿ ಮನೆಯಲ್ಲಿದ್ದಳು, ಗಂಡು ನೋಡುತ್ತಿದ್ದರು. ದುಬಾಯಿಯಲ್ಲಿದ್ದ ಚಿಕ್ಕ ಮಾವ ರಜೆಗೆ ಬಂದಾಗ ಎಲ್ಲರಿಗೂ ಸೀರೆ, ಸೆಂಟು ತಂದಿದ್ದರು. ಇವಳು ಮಾತ್ರ ಹಟಮಾಡಿ ಒಂದು ದುರ್ಬೀನು ತರಿಸಿಕೊಂಡಿದ್ದಳು. ಕಾಲೇಜಿನಲ್ಲಿ ಪಾಠ ಹೇಳಿದ ಯಾರೋ ಮೇಡಮ್ಮು ಹತ್ತಿಸಿದ ಹುಚ್ಚು. ವಾರಕ್ಕೆ ಎರಡು ಬೆಳಿಗ್ಗೆ ಕಾವೂರಿಗೆ ಹೋಗಿ ಹಕ್ಕಿ ನೋಡಿ ಒಂಬತ್ತು ಗಂಟೆಯೊಳಗೆ ಮನೆಗೆ ಬರುವುದಕ್ಕೆ ಮಾವ ಒಪ್ಪಿದ್ದರು, ಜೊತೆಗೆ ನಾನಿರಬೇಕು ಎಂಬ ಶರತ್ತಿನ ಮೇಲೆ. ಕಾವಲಿಗೆ ಹೋದವಳು ನಾನು. ಆದರೆ ಮೊದಲ ದಿನವೇ ಕಾವಲು ಮರೆತು ಹಕ್ಕಿಗೆ ಬಿದ್ದೆ.

ಆಗ ಕಾವೂರಿನ ಕೆರೆಯ ಕೆಳಗೆ ಪೂರಾ ಗದ್ದೆ. ಭತ್ತಕ್ಕೆ ಹಾಲು ತುಂಬುವ ಹೊತ್ತಿಗೆ ಬಂದರೆ ಮಂಜಿನಲ್ಲಿ ಒದ್ದೆಯಾದ ತೆನೆಯ ವಾಸನೆಯ ನಡುವೆ ಹೆಬ್ಬೆರಳು ಗಾತ್ರದ ಹಕ್ಕಿಗಳು ಗುಂಪುಗುಂಪಾಗಿ ಏಳುವುದು, ಇಳಿಯುವುದು. ರಾಟವಾಳಗಳು. ಶುರುವಿಗೆ ನಮಗಿಬ್ಬರಿಗೂ ಎಲ್ಲ ಒಂದೇ. ಗುಬ್ಬಚ್ಚಿಯನ್ನೂ ರಾಟವಾಳ ಎಂದೆವು, ಗೀಜಗದ ಹೆಣ್ಣನ್ನೂ ರಾಟವಾಳ ಎಂದೆವು. ನಿಧಾನಕ್ಕೆ ಕಣ್ಣು ಪಳಗಿತು. ಎದೆಯ ಮೇಲೆ ಮೀನಿನ ಪೊರೆಯ ಹಾಗೆ ಗೆರೆ ಇದ್ದರೆ ಚುಕ್ಕೆ ರಾಟವಾಳ. ಹಾರುವಾಗ ಬಾಲದ ಬುಡದಲ್ಲಿ ಬೆಳ್ಳಗೆ ಮಿಂಚಿದರೆ ಬಿಳಿಬೆನ್ನಿನದು. ತಲೆಗೆ ಮಸಿ ಬಳಿದಂತಿದ್ದು ಕೊಕ್ಕು ದಪ್ಪವಾಗಿದ್ದರೆ ಕರಿತಲೆ. ಕರಿತಲೆ ಅಪರೂಪ, ಚಿಕ್ಕಮ್ಮ ಅದಕ್ಕಾಗಿ ಕಾದೂ ಕಾದೂ ಸೋತಿದ್ದಳು. ಅವಳನ್ನು ಖುಷಿಪಡಿಸಲಿಕ್ಕೆಂದು ಒಂದು ದಿನ ನಾನು ದುರ್ಬೀನು ಕಣ್ಣಿಗಿಟ್ಟು, "ಚಿಕ್ಕಮ್ಮಾ, ಕರಿತಲೆ!" ಎಂದು ಸುಳ್ಳೇ ಕೂಗಿದೆ. ಪಾಪ, ಅವಳು ನೋಟುಪುಸ್ತಕದಲ್ಲಿ ದಿನ, ಗಂಟೆ ಎಲ್ಲ ಬರೆದೂ ಬಿಟ್ಟಳು. ಬಸ್ಸಿನಲ್ಲಿ ನನಗೆ ತಡೆಯಲಾಗದೆ ಅಳು ಬಂತು, ಬಾಯಿಬಿಟ್ಟೆ. ಅವಳು ಬೈಯಲಿಲ್ಲ. ಬರೆದದ್ದನ್ನು ಹೊಡೆದುಹಾಕಿ, "ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತ ಬರೀಬೇಕು ಬೇಬಿ. ಸುಮ್ಮನೆ ಒಂದು ಹೆಸರಿಡ್ಲಿಕ್ಕೆ ಅದೆಂತ ನಾಯಿಮರಿಯಾ?" ಎಂದಳು. ನಾನು ಅಳುವಿನ ನಡುವೆಯೇ ನಕ್ಕುಬಿಟ್ಟೆ.

ಆ ಮಳೆಗಾಲ ಮುಗಿಯುತ್ತಾ ಬಂದಾಗ ಅವಳು ನನಗೆ ಇನ್ನೊಂದು ಸಂಗತಿ ತೋರಿಸಿದಳು. ಕೆರೆಯ ಬದಿಯ ಹುಲ್ಲಿನ ಮೇಲೆ ಬರೇ ಕಂದು ಬಣ್ಣದ ನಾಲ್ಕಾರು ಹಕ್ಕಿಗಳು ಕುಳಿತಿದ್ದವು. ಎದೆಯಲ್ಲಿ ಗೆರೆ ಇಲ್ಲ, ತಲೆ ಕಪ್ಪಿಲ್ಲ, ಗುರುತು ಹೇಳುವಂಥದ್ದು ಒಂದೂ ಇಲ್ಲ. ನಾನು ಹೆಣ್ಣಿರಬೇಕು ಎಂದೆ. ಅಲ್ಲವಂತೆ, ಈ ಮೂರು ರಾಟವಾಳಗಳಲ್ಲೂ ಗಂಡೂ ಹೆಣ್ಣೂ ನೋಡಲಿಕ್ಕೆ ಒಂದೇ. ಇವು ಈ ವರ್ಷದ ಮರಿಗಳು, ಚುಕ್ಕೆಯದ್ದೂ ಕರಿತಲೆಯದ್ದೂ ಮರಿಯಲ್ಲಿ ಹೀಗೇ ಇರುತ್ತವೆ, ಗರಿ ಉದುರಿ ಹೊಸ ಬಣ್ಣ ಬರುವವರೆಗೆ ನಮ್ಮಂಥವರು ಹೆಸರು ಹಾಕಬಾರದು ಎಂದಳು. ಪುಸ್ತಕದಲ್ಲಿ "ಮರಿಗಳು, ಆರು, ಗೊತ್ತಿಲ್ಲ" ಎಂದು ನನ್ನ ಕೈಯಲ್ಲೇ ಬರೆಸಿದಳು.

ದೀಪಾವಳಿ ಕಳೆದ ವಾರ ಮಾವನ ಹೋಟೆಲಿಗೆ ಬಂದ ಯಾರೋ ಪುಣ್ಯಾತ್ಮ ಕಿವಿಯೂದಿದ. ಕೆರೆಯ ಆಚೆ ದಡದಲ್ಲಿ ಬ್ಯಾಂಕಿನ ಹುಡುಗರು ಬಾಡಿಗೆಗಿದ್ದ ಮನೆಯೊಂದಿತ್ತಂತೆ. ನಿಮ್ಮ ತಂಗಿ ಕಟ್ಟೆಯ ಮೇಲೆ ನಿಂತು ಆ ಮನೆಯ ಕಡೆಗೇ ದುರ್ಬೀನು ಹಿಡಿಯುತ್ತಾಳೆ ಎಂದನಂತೆ. ದೇವರಾಣೆ ಹೇಳುತ್ತೇನೆ, ಆ ಮನೆಗೆ ಎಷ್ಟು ಕಿಟಕಿ ಎಂದು ಕೇಳಿದರೆ ನಮಗೆ ಗೊತ್ತಿರಲಿಲ್ಲ. ಗಂಡು ನೋಡುತ್ತಿದ್ದ ಕಾಲ, ಮಾವನ ಮುಖ ಕಪ್ಪಿಟ್ಟಿತು. ಊಟದ ಎದುರು ಕುಳಿತೇ ಕೇಳಿದರು, "ನೀನು ಅಲ್ಲಿಗೆ ಹೋಗಿ ನೋಡುವುದು ಎಂತದ್ದು?" ಚಿಕ್ಕಮ್ಮ "ರಾಟವಾಳ ಅಣ್ಣ" ಎಂದಳು. "ಒಂದು ಹಕ್ಕಿ ನೋಡ್ಲಿಕ್ಕೆ ಒಂದು ವರ್ಷ ಬೇಕಾ?" ಮೂರು ಜಾತಿ ಉಂಟು, ಗುರುತು ಹಿಡಿಯುವುದು ಕಷ್ಟ ಎಂದು ಅವಳು ಹೇಳಿದಳು. ಮಾವ ಕೈತೊಳೆದು ಬಂದು ನನ್ನ ಕಡೆ ತಿರುಗಿದರು. ಹಾಗಾದರೆ ಈ ಮಗುವಿಗೂ ಗೊತ್ತಿರಬೇಕಲ್ಲ, ಆದಿತ್ಯವಾರ ನೋಡುವ ಎಂದರು. ಮಗು ಸರಿಯಾಗಿ ಹೇಳಿದರೆ ಹೋಗಬಹುದು, ಇಲ್ಲವಾದರೆ ಅವತ್ತಿಗೇ ನಿಂತಿತು.

ಆ ನಾಲ್ಕು ದಿನ ಶಾಲೆಗೆ ಹೋಗುವಾಗ ದಾರಿಯುದ್ದಕ್ಕೂ ಗೆರೆ, ಬೆನ್ನು, ಕೊಕ್ಕು ಎಂದು ಬಾಯಿಪಾಠ. ಚಿಕ್ಕಮ್ಮ ನನ್ನನ್ನು ಒಂದು ಮಾತೂ ಕೇಳಲಿಲ್ಲ, ಒಂದು ಮಾತೂ ಕಲಿಸಲಿಲ್ಲ. ಅದೇ ಇನ್ನಷ್ಟು ಹೆದರಿಸಿತು.

ಆದಿತ್ಯವಾರ ಊಟದ ನಂತರ ಮಾವ ಪೇಪರು ಮುಚ್ಚಿದ ಪಂಜರವೊಂದನ್ನು ತಂದು ಚಾವಡಿಯ ಸ್ಟೂಲಿನ ಮೇಲಿಟ್ಟರು. ಹಂಪನಕಟ್ಟೆಯ ಫುಟ್‌ಪಾತಿನಲ್ಲಿ ಹಕ್ಕಿ ಮಾರುವವನಿಂದ ತಂದದ್ದು. ಪೇಪರು ಎತ್ತಿದ್ದೇ ಆ ವಾಸನೆ ಬಂತು. ಒಳಗೆ ನಾಲ್ಕು ಹಕ್ಕಿ, ಕಂಬಿಗೆ ಹಾರಿ ಹಾರಿ ಬೀಳುತ್ತಿದ್ದವು. ಅವುಗಳ ಎದೆ ಬಡಿದುಕೊಳ್ಳುತ್ತಿದ್ದುದು ಹೊರಗೇ ಕಾಣುತ್ತಿತ್ತು. ಚಿಕ್ಕಮ್ಮನಿಗೆ "ನೀನು ಬಾಯಿ ಬಿಡಬೇಡ" ಎಂದರು, ಅವಳು ಅಡುಗೆಮನೆಯ ಬಾಗಿಲಿನಲ್ಲಿ ನಿಂತಳು. ಮಾವ ಪೆನ್ಸಿಲಿನಿಂದ ಒಂದೊಂದನ್ನೇ ತೋರಿಸಿದರು. ಮೊದಲನೆಯದು ಚುಕ್ಕೆ. ಹೇಳಿದೆ. ಎರಡನೆಯದು ಬಿಳಿಬೆನ್ನು. ಹೇಳಿದೆ. ಮಾವನ ಹುಬ್ಬು ಸ್ವಲ್ಪ ಮೇಲೇರಿತು, ಅಯ್ಯೋ ದೇವರೇ, ಆ ಒಂದು ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಹೆದರಿಕೆಯೇ ಮರೆತುಹೋಯಿತು. ಪೆನ್ಸಿಲು ಮೂರನೆಯದರ ಮೇಲೆ ಹೋಯಿತು, ಆಮೇಲೆ ನಾಲ್ಕನೆಯದರ ಮೇಲೆ. ಎರಡೂ ಬರೇ ಕಂದು. ಕೆರೆಯ ಬದಿಯ ಹುಲ್ಲಿನ ಮೇಲೆ ಕುಳಿತಿದ್ದವೇ ಎದ್ದು ಬಂದ ಹಾಗಿದ್ದವು.

ಕರಿತಲೆ ಎಂದು ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂತು. ಬಸ್ಸಿನಲ್ಲಿ ಅತ್ತದ್ದು ನೆನಪಾಯಿತು. "ಗೊತ್ತಿಲ್ಲ ಮಾವ" ಎಂದೆ. ಅವರು ನೋಡುತ್ತಾ ಕುಳಿತರು. ನನಗೆ ಗೊತ್ತಿತ್ತು. ಅವು ಮರಿಗಳು, ಈಗ ಯಾರಿಗೂ ಹೇಳಲಿಕ್ಕಾಗುವುದಿಲ್ಲ ಎಂದು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದೂ ಆಗಿತ್ತು. ಒಮ್ಮೆ ಅಡುಗೆಮನೆಯ ಕಡೆ ನೋಡಿದೆ. ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದವಳು ನಿಧಾನವಾಗಿ ಕಣ್ಣು ಮುಚ್ಚಿದಳು. ಸುಮ್ಮನಿರು ಎನ್ನುತ್ತಿದ್ದಾಳೆ ಎಂದುಕೊಂಡೆ. ಮುಂದೆ ಮಾತಾಡಬೇಡ, ಅವಳಿಗೆ ಬೇರೆ ಏನೋ ಉಪಾಯ ಗೊತ್ತಿದೆ. ಬಾಯಿ ಮುಚ್ಚಿದೆ. ಮಾವ ಪೆನ್ಸಿಲು ಕೆಳಗಿಟ್ಟು, "ಇವು ಹೆಣ್ಣು ಅಂತ ಮಾರುವವನಿಗೆ ಗೊತ್ತುಂಟು. ವರ್ಷವಿಡೀ ನೋಡಿದವರಿಗೆ ಗೊತ್ತಿಲ್ಲ" ಎಂದಷ್ಟೇ ಹೇಳಿ ಎದ್ದರು. ದುರ್ಬೀನು ಅವರ ಕಪಾಟಿಗೆ ಹೋಯಿತು, ಬೀಗ ಬಿತ್ತು. ಚಿಕ್ಕಮ್ಮ ಒಳಗೆ ಹೋಗಿ ಸಂಜೆಯ ಕಾಫಿಗೆ ನೀರಿಟ್ಟಳು.

ಮದುವೆ ಬೇಗ ಗೊತ್ತಾಯಿತು. ಪುಣೆಯಲ್ಲಿ ಹೋಟೆಲಿದ್ದ ಮನೆತನ, ಒಳ್ಳೆಯ ಜನರೇ. ಹೊರಡುವ ದಿನ ಅವಳು ನನ್ನ ಗಲ್ಲ ಹಿಡಿದು, "ಹಕ್ಕಿಗೆ ನೀರು ಹಾಕ್ಲಿಕ್ಕೆ ಮರೀಬೇಡ ಮಾರಾಯ್ತಿ" ಎಂದಳು. ಪಂಜರ ಚಾವಡಿಯ ಮಾಡಿನ ಜಂತಿಯಲ್ಲೇ ನೇತಾಡುತ್ತಿತ್ತು. ಕಾಳು ಹಾಕುವುದು ನನ್ನ ಕೆಲಸ.

ಮಾವಿನ ಮಿಡಿ ಬಿಡುವ ಹೊತ್ತಿಗೆ ಪಂಜರದ ತಳದಲ್ಲಿ ಸಣ್ಣ ಸಣ್ಣ ಕಂದು ಗರಿ ಬೀಳತೊಡಗಿತು. ಹಕ್ಕಿಗೆ ಕಾಯಿಲೆಯೆಂದು ಗಾಬರಿಯಾಗಿ ನಾನು ಅವನ್ನು ಆರಿಸಿ ಅಂಗಳದಾಚೆ ಎಸೆಯುತ್ತಿದ್ದೆ. ಒಂದು ವಾರ ಕಳೆದು ನೋಡುತ್ತೇನೆ, ಮೂರನೆಯ ಹಕ್ಕಿಯ ಎದೆಯ ಎಡಗಡೆ ಎರಡು ಗೆರೆ. ನಾಲ್ಕನೆಯದರ ಕೆನ್ನೆಯಲ್ಲಿ ಮಸಿ ತಾಗಿದಂಥ ಕಲೆ. ದಿನಕ್ಕಿಷ್ಟು ದಿನಕ್ಕಿಷ್ಟು ಬಣ್ಣ ಬಂತು. ಕೊನೆಗೆ ಒಂದು ಚುಕ್ಕೆಯಾಯಿತು, ಇನ್ನೊಂದು ಚಿಕ್ಕಮ್ಮ ಒಂದು ವರ್ಷ ಕಾದರೂ ಕಾಣದ ಕರಿತಲೆಯಾಯಿತು, ಅದೂ ನಮ್ಮ ಚಾವಡಿಯಲ್ಲಿ. ನನಗೆ ಖುಷಿಯಾಗಲಿಲ್ಲ. ಮಾವ ನೋಡಿಬಿಟ್ಟರೆ ಎಂದು ಆ ಬದಿಗೆ ಪೇಪರು ಸಿಕ್ಕಿಸಿಟ್ಟೆ.

ಅವರು ನೋಡಿಯೇ ನೋಡಿದರು. ಒಂದು ಬೆಳಿಗ್ಗೆ ಪೇಪರು ತೆಗೆದು ಬಹಳ ಹೊತ್ತು ನಿಂತಿದ್ದು ನನ್ನನ್ನು ಕರೆದರು. "ಬೇಬಿ, ಹಕ್ಕಿ ಬದಲಾಯಿಸಿದ್ದು ಯಾರು?" ಯಾರೂ ಇಲ್ಲ, ಅವೇ ಮಾವ, ಆಗ ಮರಿಗಳು, ಮರಿಯಲ್ಲಿ ಯಾರಿಗೂ ಹೇಳಲಿಕ್ಕಾಗುವುದಿಲ್ಲ ಎಂದೆ. ಆವತ್ತು ಬಾರದ ಮಾತು ಈಗ ನೀರಿನ ಹಾಗೆ ಬಂತು. "ಅವಳಿಗೂ ಆಗ್ತಿರಲಿಲ್ವಾ?" "ಅವಳಿಗೂ." ಮಾವ ನನ್ನ ಮುಖ ನೋಡಲಿಲ್ಲ. ನಾನು ಕಂಡ ಹಾಗೆ ಅವರು ಉತ್ತರಕ್ಕೆ ಕಾಯದೆ ಬೇರೆ ಕಡೆ ನೋಡಿದ್ದು ಅದೊಂದೇ ಸಲ. ಆ ದಿನ ಅವರು ಹೋಟೆಲಿಗೆ ತಡವಾಗಿ ಹೋದರು. ಪಂಜರವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಕಾವೂರಿನ ಕಡೆ ಹೋಗಿದ್ದರು, ಬರುವಾಗ ಅದು ಖಾಲಿ ಇತ್ತು. ಚಿಕ್ಕಮ್ಮ ಮೊದಲ ಬಾಣಂತನಕ್ಕೆ ಬಂದಾಗ ದುರ್ಬೀನು ಅವಳ ಹಾಸಿಗೆಯ ಪಕ್ಕದಲ್ಲಿತ್ತು, ಯಾರು ಇಟ್ಟರೆಂದು ಯಾರೂ ಹೇಳಲಿಲ್ಲ. ಅವಳು ಅದನ್ನು ಒರೆಸಿ, ಮಗುವಿನ ಬಟ್ಟೆಯ ಕೆಳಗೆ ಇಟ್ಟಳು. ಪುಣೆಯಲ್ಲಿ ಅವಳ ಅಡುಗೆಮನೆಯ ಕಿಟಕಿಗೆ ಎದುರು ಕಟ್ಟಡದ ಗೋಡೆ.

ಈಗ ಉರ್ವದ ಆ ಜಾಗದಲ್ಲಿ ಫ್ಲ್ಯಾಟುಗಳಿವೆ. ಚಾವಡಿ ಇದ್ದಲ್ಲಿ ಕಾರು ನಿಲ್ಲಿಸುತ್ತಾರೆ. ಅಜ್ಜಿ ಹೋದರು, ಮಾವ ಹೋದರು. ಕಾವೂರಿನ ಗದ್ದೆಯಲ್ಲಿ ಬಹಳಷ್ಟು ಮಣ್ಣು ತುಂಬಿ ಮನೆಗಳಾದವು. ಕೆರೆ ಉಳಿದಿದೆ, ಅದಕ್ಕೊಂದು ಬೇಲಿಯೂ ಇದೆ. ಕಳೆದ ವರ್ಷ ಚಿಕ್ಕಮ್ಮ ತೀರಿಕೊಂಡಳು. ಅದಕ್ಕೂ ತಿಂಗಳ ಮೊದಲು ಪುಣೆಗೆ ಹೋಗಿ ಅವಳ ಮಂಚದ ಪಕ್ಕ ಕುಳಿತಿದ್ದಾಗ, ಅಷ್ಟು ವರ್ಷ ಕೇಳದ್ದನ್ನು ಕೇಳಿದೆ. ಆವತ್ತು ಬಾಗಿಲಿನಲ್ಲಿ ನಿಂತು ಕಣ್ಣು ಮುಚ್ಚಿದೆಯಲ್ಲ ಚಿಕ್ಕಮ್ಮ, ನನಗೆ ಏನು ಹೇಳಬೇಕೆಂದಿತ್ತು ನಿನಗೆ?

ಅವಳಿಗೆ ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕಳು, ಹಲ್ಲಿಲ್ಲದ ಬಾಯಲ್ಲಿ ಹುಡುಗಿಯ ನಗು. "ಹೇಳುವುದೆಂತ ಮಾರಾಯ್ತಿ! ನನಗೂ ಹೆದರಿಕೆ. ನೋಡ್ಲಿಕ್ಕೆ ಧೈರ್ಯ ಆಗದೆ ಕಣ್ಣು ಮುಚ್ಚಿದ್ದು."

ನಾನು ಅವಳ ಕೈ ಹಿಡಿದು ಕುಳಿತೇ ಇದ್ದೆ. ಮರಿಗಳು ಎಂಬ ಮಾತು ಆವತ್ತು ನನ್ನ ಬಾಯಲ್ಲೇ ಇತ್ತು ಎಂದು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ.