ತಿಗಣೆ ಹೇಳಿದ ಸಾಕ್ಷಿ

ಸಿಟ್ಟು ಮೂಗಿನ ತುದಿಯಲ್ಲಿರುವವರು ಜಗಳ ಶುರು ಮಾಡುವುದರಲ್ಲಿ ಮುಂದು, ಗೆಲ್ಲುವುದರಲ್ಲಿ ಹಿಂದು. ನಾನು ಆ ಪೈಕಿ. ಗಂಡನ ಜೊತೆ, ತರಕಾರಿಯವನ ಜೊತೆ, ಬ್ಯಾಂಕಿನ ಕೌಂಟರಿನಾಚೆ ನಿಂತವರ ಜೊತೆ ಮಾಡಿದ ಜಗಳಗಳಲ್ಲಿ ಮುಕ್ಕಾಲು ಪಾಲು ಸೋತಿದ್ದೇನೆ. ಒಂದನ್ನು ಮಾತ್ರ ಪೂರ್ತಿ ಗೆದ್ದೆ, ಅದೂ ಒಂದು ಸತ್ತ ತಿಗಣೆಯ ಸಾಕ್ಷಿಯ ಮೇಲೆ. ಆ ಕಥೆ ಕೇಳದವರು ನಮ್ಮ ಬಳಗದಲ್ಲಿ ಯಾರೂ ಉಳಿದಿಲ್ಲ. ನೀವು ಉಳಿದಿದ್ದಿರಿ.

ನಾಸಿಕ್ ರೋಡಿನಲ್ಲಿ ನಾವು ಆರು ವರ್ಷ ಇದ್ದೆವು. ನನ್ನದು ಅಲ್ಲಿಯ ಬ್ಯಾಂಕಿನಲ್ಲಿ ಕೆಲಸ. ಕಲಬುರಗಿ ಕಡೆಯಿಂದ ಬಂದ ಅತ್ತೆ ನಮ್ಮ ಜೊತೆಗೇ ಇದ್ದರು. ಆಮೇಲೆ ಗಂಡನಿಗೆ ಸಂಭಾಜಿನಗರದ ಪಕ್ಕ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ನೌಕರಿ ಸಿಕ್ಕಿತು, ನಾನೂ ವರ್ಗ ಕೇಳಿ ಪಡೆದೆ. ಏಪ್ರಿಲ್ ಕೊನೆಯಲ್ಲಿ, ಊರು ರೊಟ್ಟಿಯ ಹಂಚಿನ ಹಾಗೆ ಕಾದಿದ್ದಾಗ, ಮೂರನೇ ಮಹಡಿಯ ಬಾಡಿಗೆ ಮನೆಗೆ ಬಂದಿಳಿದೆವು. ಆ ಮನೆ ಸಂಕ್ರಾಂತಿಯಿಂದ ಖಾಲಿ ಇತ್ತು. ಮಾಲೀಕರು ಯುಗಾದಿಯ ಹೊತ್ತಿಗೆ ಗೋಡೆಗೆಲ್ಲ ಕೆನೆಬಣ್ಣ ಹೊಡೆಸಿದ್ದರು. ಈ ಬಣ್ಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ನಮ್ಮ ಮಲಗುವ ಕೋಣೆಯ ಗೋಡೆಯಾಚೆ ಕಟ್ಟಡದ ನಿವಾಸಿಗಳ ಸೊಸಾಯಟಿಯ ಅಧ್ಯಕ್ಷೆಯ ಮನೆ. ಐವತ್ತೈದರ ಹೆಂಗಸು, ನೆಲ ಒರೆಸಿದ ಮೇಲೆ ಅದು ಒಣಗುವ ತನಕ ಗಂಡನನ್ನೂ ಒಳಗೆ ಬಿಡದಂಥವರು. ನಾನು ಅವರನ್ನು ಮರಾಠಿ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮೊದಲ ದಿನ ಪರಿಚಯ ಹೇಳಿಕೊಳ್ಳುತ್ತ ಅವರು ಮರಾಠಿಯಲ್ಲಿ "ಮೀ ಕನ್ನಡಚೀ" ಎಂದರು. ನಾನು ಕನ್ನಡದವಳು! ಅತ್ತೆ ಅವರ ಎರಡೂ ಕೈ ಹಿಡಿದುಕೊಂಡು, "ಅಯ್ಯ, ನಮ್ಮಾಕಿನೇ ಸಿಕ್ಕೀರಲ್ರೀ! ಯಾವೂರ್ರಿ ನಿಮ್ದು, ಕಲಬುರ್ಗಿನೋ ಬೀದರೋ?" ಎಂದು ಐದು ನಿಮಿಷ ಒಂದೇ ಉಸಿರಿನಲ್ಲಿ ಮಾತಾಡಿದರು. ಕಾಕು ಕಕ್ಕಾಬಿಕ್ಕಿ. ಕನ್ನಡ ಎಂಬುದು ಇಲ್ಲಿಂದ ಎಸ್‌ಟಿ ಬಸ್ಸಿನಲ್ಲಿ ಹೋಗಿಬರಬಹುದಾದ ಒಂದು ತಾಲೂಕು ಊರು, ಅವರ ತವರು. ಅವರಿಗೆ ನಮ್ಮ ಭಾಷೆಯ ಗಂಧಗಾಳಿ ಇರಲಿಲ್ಲ. ಅದು ತಿಳಿದ ಮೇಲೂ ಅತ್ತೆ ಕಾಕುವನ್ನು ಬಿಟ್ಟುಕೊಡಲಿಲ್ಲ. "ಊರಿನ ಹೆಸರರೆ ನಮ್ದೇ ಅದ ಅಲ್ಲ" ಎಂದರು.

ಹದಿನೈದನೆಯ ದಿನ, ಮಂಗಳವಾರ ಬೆಳಿಗ್ಗೆ, ನನ್ನ ತೋಳಿನ ಮೇಲೆ ಒಂದೇ ಸಾಲಿನಲ್ಲಿ ಮೂರು ಕೆಂಪು ಗುಳ್ಳೆ ಎದ್ದಿದ್ದವು. ಅತ್ತೆ ಚಾಳೀಸು ಏರಿಸಿ ನೋಡಿದರು.

"ಇದು ಗುಂಗಾಡ ಕಡದದ್ದಲ್ಲವ್ವಾ. ತಗಣಿ."

ಗುಂಗಾಡೆಂದರೆ ಸೊಳ್ಳೆ, ತಗಣಿಯೆಂದರೆ ತಿಗಣೆ. ಅದೇ ಹಾಸಿಗೆಯಲ್ಲಿ ಮಲಗಿದ್ದ ನನ್ನ ಗಂಡ ಅಂಗಿ ತೆಗೆದು ಮೈ ತೋರಿಸಿದರು. "ನನಗೇನೂ ಆಗಿಲ್ಲಲ್ಲ. ನಿನಗ ಬಿಸಲಿಗೆ ಆಗಿರಬೇಕು" ಎಂದು ಷರಾ ಬರೆದು ಕೆಲಸಕ್ಕೆ ಹೋದರು. ನಾನು ಹಾಸಿಗೆಯ ಅಂಚಿನ ಹೊಲಿಗೆ ಬಿಡಿಸಿ ನೋಡಿದೆ. ಎರಡು ಇದ್ದವು, ದುಂಡಗೆ, ಊಟ ಮುಗಿಸಿದ ಗತ್ತಿನಲ್ಲಿ.

ಹಾಸಿಗೆಯನ್ನು ಬಾಲ್ಕನಿಯ ಬಿಸಿಲಿಗೆ ಹಾಕಿದ್ದೇ ತಪ್ಪಾಯಿತು. ಪಕ್ಕದ ಬಾಲ್ಕನಿಯಿಂದ ಕಾಕು ನೋಡಿ, ಕೇಳಿ, ಮರುಕ್ಷಣ ನಮ್ಮ ಬಾಗಿಲಲ್ಲಿದ್ದರು. ಈ ಕಟ್ಟಡದಲ್ಲಿ ಇವತ್ತಿನವರೆಗೆ ಒಂದೂ ಢೇಕೂಣ್, ಅಂದರೆ ತಿಗಣೆ, ಇರಲಿಲ್ಲ, ನಾಸಿಕ್‌ನಿಂದ ನೀವೇ ತಂದಿದ್ದೀರಿ ಎಂದರು. ಒಳಗೆ ಬಂದವರ ಕಣ್ಣು, ಹಗಲು ಹೊತ್ತು ನಮ್ಮ ಮಂಚದ ಮೇಲೆ ಗೋಡೆಗೆ ಒತ್ತಿ ಮಡಚಿಡುತ್ತಿದ್ದ ಅತ್ತೆಯ ಕೌದಿಯ ಮೇಲೆ ನಿಂತಿತು.

"ಎಲ್ಲ ಆ ಹಳೆಯ ಗೋಧಡಿಯಲ್ಲೇ ಇವೆ. ಭಾನುವಾರದೊಳಗೆ ಅದನ್ನು ಸುಟ್ಟುಬಿಡಿ. ಇಲ್ಲವಾದರೆ ಮಾಲೀಕರಿಗೆ ಹೇಳಿ ಮನೆ ಬಿಡಿಸಬೇಕಾಗುತ್ತದೆ."

ಆ ಕೌದಿಯ ಬಗ್ಗೆ ಹೇಳಬೇಕು. ನಡುವೆ ಅತ್ತೆಯ ತಾಯಿಯ ಇಳಕಲ್ ಸೀರೆ, ಸುತ್ತಲೂ ತೀರಿಹೋದ ಮಾವನ ಧೋತರ, ಮೂಲೆಗಳಲ್ಲಿ ಮೂರು ಮಕ್ಕಳ ಕುಲಾವಿಯ ಚೂರುಗಳು. ಒಂದು ಮೂಲೆಯ ಹಸಿರು ಚೂರು ನನ್ನ ಗಂಡನದು. ಅತ್ತೆ ಇದನ್ನು ಹೊಲಿದದ್ದು ಮಾವ ಹೋದ ವರ್ಷ. ಅಂದಿನಿಂದ ಬೇಸಿಗೆಯಿರಲಿ ಚಳಿಯಿರಲಿ, ಅದನ್ನು ಕಾಲ ಮೇಲಾದರೂ ಎಳೆದುಕೊಳ್ಳದೆ ಮಲಗಿದವರಲ್ಲ.

ಅಂದು ಸಂಜೆ ನಾನು ಬ್ಯಾಂಕಿನಿಂದ ಬಂದಾಗ ಅತ್ತೆ ಕೌದಿಯನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದರು.

"ಹೋಗ್ಲಿ ಬಿಡವ್ವಾ, ಸುಟ್ಟಬಿಡ್ರಿ. ಹೊಸಾ ಊರು. ನನ್ನ ಸಲವಾಗಿ ನಿಮಗ ಯಾಕ ಮಾತು?"

ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಚೀಲದ ಗಂಟನ್ನು ನೋಡುತ್ತಿದ್ದರು. ನನಗೆ ಸಿಟ್ಟು ಬಂತು, ಕಾಕುವಿನ ಮೇಲೆ, ಗಂಡನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಿಗಣೆಯ ಮೇಲೆ. ಇಲಿ ಹೆಚ್ಚಾಯಿತೆಂದು ಮನೆಗೆ ಬೆಂಕಿ ಇಡುವ ಪೈಕಿ ನಾನಲ್ಲ.

"ಅತ್ಯಾರ, ಭಾನುವಾರಕ್ಕ ಇನ್ನೂ ಟೈಮ್ ಅದರಿ. ಗಂಟ ಬಿಚ್ಚಬ್ಯಾಡ್ರಿ, ಸುಡೂದೂ ಬ್ಯಾಡ್ರಿ" ಎಂದೆ.

ನನಗೊಂದು ಚಟ ಇದೆ. ಶತ್ರುವಿನ ಬಗ್ಗೆ ಓದದೆ ಜಗಳಕ್ಕೆ ಇಳಿಯುವುದಿಲ್ಲ. ನಾಸಿಕ್‌ನಲ್ಲಿ ಜಿರಲೆಗಳ ಜೊತೆ ಹೋರಾಡುವಾಗ, ಅವು ತಲೆ ಕಳೆದುಕೊಂಡೂ ವಾರದ ಮೇಲೆ ಬದುಕಬಲ್ಲವೆಂದು ಓದಿ ಗಂಡನಿಗೆ ಹೇಳಿದ್ದೆ. "ಅದರಾಗ ಏನ್ ವಿಶೇಷ, ನಮ್ಮ ಆಫೀಸಿನಾಗ ವರ್ಷಾನುಗಟ್ಟಲೆ ಇರ್ತಾರ" ಎಂದಿದ್ದರು. ಈಗ ತಿಗಣೆಯ ಸರದಿ. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಒಲೆಯ ಮುಂದೆ ಮೊಬೈಲು ಹಿಡಿದು ಓದಿದೆ.

ಓದಿದಷ್ಟೂ ಬೆರಗು. ತಿಗಣೆಗೆ ಕೊಳಕೂ ಒಂದೇ, ಥಳಥಳವೂ ಒಂದೇ. ಅದಕ್ಕೆ ಬೇಕಾದದ್ದು ನಮ್ಮ ಉಸಿರು ಮತ್ತು ಮೈಬಿಸಿ. ಅದು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಆದರೆ ತಂತಿ ಹಾದುಹೋದ ಪೈಪಿನೊಳಗೆ ನಡೆದು ಗೋಡೆ ದಾಟುತ್ತದೆ. ಹಸಿದುಕೊಂಡು ತಿಂಗಳುಗಟ್ಟಲೆ ಕಾಯುತ್ತದೆ. ಮರಿ ದೊಡ್ಡದಾಗುವಷ್ಟರಲ್ಲಿ ಐದು ಸಲ ಚರ್ಮ ಕಳಚುತ್ತದೆ, ಪ್ರತಿ ಸಲವೂ ಕಳಚುವ ಮೊದಲು ಅದಕ್ಕೆ ಹೊಟ್ಟೆ ತುಂಬ ರಕ್ತ ಬೇಕು. ಎಲ್ಲಕ್ಕಿಂತ ನನ್ನನ್ನು ಕುಣಿಸಿದ ಸಂಗತಿ ಇನ್ನೊಂದು: ಕೆಲವರ ಮೈಗೆ ತಿಗಣೆ ಕಡಿದದ್ದು ಗೊತ್ತೇ ಆಗುವುದಿಲ್ಲ. ಗುಳ್ಳೆಯಿಲ್ಲ, ತುರಿಕೆಯಿಲ್ಲ. ಅಂದರೆ ನನ್ನ ಗಂಡ ತಪ್ಪಿಸಿಕೊಂಡಿರಲಿಲ್ಲ. ನಾನು ತುರಿಸಿಕೊಳ್ಳುತ್ತ ಎದ್ದು ಕೂತಾಗ ಅವರು ಆರಾಮವಾಗಿ ತಿಗಣೆಗಳಿಗೆ ದಾಸೋಹ ನಡೆಸಿದ್ದರು.

ಶನಿವಾರ ರಜೆ. ಬೆಳಿಗ್ಗೆಯೇ ಹುಡುಕಾಟಕ್ಕೆ ಇಳಿದೆವು. ಮೊದಲು ಕೌದಿ. ಗೋಣಿಚೀಲದ ಗಂಟು ಬಿಚ್ಚಿ, ಬಿಳಿಯ ಚಾದರದ ಮೇಲೆ ಹಾಸಿ, ಅತ್ತೆ ಮತ್ತು ನಾನು ಹೊಲಿಗೆ ಹೊಲಿಗೆಯನ್ನೂ ಬೆರಳಿನಿಂದ ಸವರಿದೆವು. ಸಿಕ್ಕಿದ್ದು ಒಂದು, ಅದೂ ಗೋಡೆಯ ಕಡೆಗೆ ಇರುತ್ತಿದ್ದ ಮಗ್ಗುಲಲ್ಲಿ. ಮಂಚದ ಸ್ಕ್ರೂ ತೂತುಗಳಲ್ಲಿ ನಾಲ್ಕು, ಅವೂ ಗೋಡೆಯ ಕಡೆಯವೇ. ಕೊನೆಗೆ ಮೇನ್ ಆಫ್ ಮಾಡಿ, ಮಂಚದ ತಲೆದೆಸೆಯ ಸ್ವಿಚ್ ಬೋರ್ಡಿನ ಸ್ಕ್ರೂಗಳನ್ನು ಗಂಡನ ಕೈಯಿಂದ ಬಿಚ್ಚಿಸಿದೆ. ಮುಚ್ಚಳ ಬಂದದ್ದೇ, "ಅಬ್ಬಾ!" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಒಳಗೆ ಒಣಗಿದ ಚರ್ಮಗಳ ರಾಶಿ. ಸಾಸಿವೆಗಿಂತ ಸಣ್ಣವು, ಎಳ್ಳಿನಷ್ಟು ದೊಡ್ಡವು, ಮಸೂರ ಬೇಳೆಯಷ್ಟು ದೊಡ್ಡವು, ಹೊಟ್ಟಿನ ಹಾಗೆ ತುಂಬಿದ್ದವು. ನಾವು ಬಂದು ಮೂರು ವಾರವೂ ಆಗಿರಲಿಲ್ಲ. ಇದು ತಿಂಗಳುಗಳ ಸಂಸಾರ. ಅದಕ್ಕಿಂತ ಮಜಾ ಎಂದರೆ ಗೋಡೆಯಂಚಿನಲ್ಲಿ ಬಣ್ಣದೊಳಗೇ ಒಂದು ತಿಗಣೆ ಸಿಕ್ಕಿಕೊಂಡಿತ್ತು. ಪೇಂಟರ್ ಅದರ ಮೇಲೆಯೇ ಬ್ರಷ್ ಎಳೆದಿದ್ದ. ಆರು ಕಾಲು ಚಾಚಿ, ಮೈತುಂಬ ಕೆನೆಬಣ್ಣ ಬಳಿದುಕೊಂಡು ಅದು ಗೋಡೆಗೆ ಅಂಟಿ ಸತ್ತಿತ್ತು. ಯುಗಾದಿಗೆ ಹೊಡೆಸಿದ ಬಣ್ಣ. ನಾವು ಆಗ ನಾಸಿಕ್ ರೋಡಿನಲ್ಲಿ ಬೇವು ಬೆಲ್ಲ ತಿನ್ನುತ್ತಿದ್ದೆವು. ನಾನು ಆ ಗೋಡೆಯ ಮುಂದೆ ಚಪ್ಪಾಳೆ ತಟ್ಟಿದೆ, ನಿಜವಾಗಿಯೂ ತಟ್ಟಿದೆ. "ಯಾರೂ ಮುಟ್ಟಬ್ಯಾಡ್ರಿ" ಎಂದು ಸಾರಿದೆ.

ಭಾನುವಾರ ಬೆಳಿಗ್ಗೆ ಕಾಕು ಬಂದರು. ಕೌದಿ ಇನ್ನೂ ಮನೆಯಲ್ಲಿರುವುದನ್ನು ಕಂಡು ಹುಬ್ಬು ಗಂಟಿಕ್ಕಿದರು. ನಾನು ಅವರನ್ನು ಗೋಡೆಯ ಬಳಿ ಕರೆದೊಯ್ದು, ಮೊಬೈಲಿನ ಬೆಳಕು ಬಿಟ್ಟು, ನನ್ನ ಮರಾಠಿಯಲ್ಲಿ ವಕೀಲಿ ಶುರು ಮಾಡಿದೆ. ಐದು ಚರ್ಮದ ಲೆಕ್ಕ ಹೇಳಿದೆ. ಗಂಡನನ್ನು ಮುಂದೆ ನಿಲ್ಲಿಸಿ, ಕಡಿಸಿಕೊಂಡೂ ಗೊತ್ತಾಗದ ಮನುಷ್ಯನೆಂದು ತೋರಿಸಿದೆ. ಕೊನೆಗೆ ಬಣ್ಣದಡಿಯ ತಿಗಣೆಯ ಮೇಲೆ ಬೆಳಕು ಹಿಡಿದೆ.

"ಕಾಕು, ನಾವು ಈ ಊರಿಗೆ ಬರುವ ಮೊದಲೇ ಇವು ಈ ಗೋಡೆಯಲ್ಲಿದ್ದವು."

ಅಷ್ಟರಲ್ಲಿ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚಲೊಚ ಎಂದಿತು.

ಅತ್ತೆ ತಟ್ಟನೆ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಬಡಿದು, "ಖರೇ ಅದ! ಹಲ್ಲಿ ನುಡೀತ್ ನೋಡ್ರಿ, ಖರೇ ಅದ!" ಎಂದು ಕೂಗಿದರು. ಕಾಕುವೂ ಅದೇ ಹೊತ್ತಿಗೆ ಮೇಲೆ ನೋಡಿ, "ಪಾಲ ಚುಕಚುಕಲೀ!" ಎಂದು ನನ್ನ ಕಡೆಗೆ ಬೆರಳು ತೋರಿಸಿದರು. ಇಬ್ಬರ ಮುಖದಲ್ಲೂ ಗೆಲುವು.

ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜ. ಮರಾಠಿಯಲ್ಲಿ ಹಲ್ಲಿಗೆ ಪಾಲ ಎನ್ನುತ್ತಾರೆ. ಪಾಲ ಚುಕಚುಕಿಸಿತು ಎಂದರೆ ಅನುಮಾನ ಹುಟ್ಟಿತು ಎಂದರ್ಥ. ಒಂದೇ ಹಲ್ಲಿ ಅತ್ತೆಗೆ ಪ್ರಮಾಣಪತ್ರ ಕೊಟ್ಟಿತ್ತು, ಕಾಕುವಿಗೆ ಆಕ್ಷೇಪಣೆ. ನಾನು ಎರಡನ್ನೂ ಇಬ್ಬರಿಗೂ ಬಿಡಿಸಿ ಹೇಳಿದೆ. ಗಂಡ ನಕ್ಕು ನಕ್ಕು ಗೋಡೆಗೆ ಒರಗಲು ಹೋಗಿ, ತಿಗಣೆ ನೆನಪಾಗಿ ಸೆಟೆದು ನಿಂತರು.

ಕಾಕು ನಗಲಿಲ್ಲ. ಬಗ್ಗಿ ಮತ್ತೊಮ್ಮೆ ಬಣ್ಣದಡಿಯ ತಿಗಣೆಯನ್ನು ನೋಡಿದರು, ಉಗುರಿನಿಂದ ಕೆರೆದೂ ನೋಡಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಹೆಂಗಸು. ಕೆನೆಬಣ್ಣದ ಸಿಪ್ಪೆ ಎದ್ದು ಬಂತು, ಒಳಗೆ ಕಂದು ಮೈ.

"ಗೋಧಡಿ ಸುಡಬೇಡಿ" ಎಂದಷ್ಟೇ ಹೇಳಿ ಹೊರಟರು. ಬಾಗಿಲಲ್ಲಿ ನಿಂತು, "ನಿಮ್ಮ ಗಂಡನಿಗೆ ನಿಜವಾಗಿಯೂ ಒಂದೂ ಗುಳ್ಳೆ ಇಲ್ಲವೇ?" ಎಂದು ಕೇಳಿದರು.

ಇಲ್ಲ ಎಂದೆ. ಅವರು ತಮ್ಮ ತೋಳನ್ನು ಒಮ್ಮೆ ನೋಡಿಕೊಂಡು ಹೋದರು.

ಅತ್ತೆ ಕೌದಿಯನ್ನು ಎದೆಗವಚಿಕೊಂಡು ಮಂಚದ ಮೇಲೆ ಕುಳಿತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ಅಳು ಬಂತು. ಆದರೆ ಕೌದಿಯಲ್ಲಿ ಮೊಟ್ಟೆಗಳಿದ್ದರೆ ಎಂಬ ಭಯ ಇದ್ದೇ ಇತ್ತು. ಗೆದ್ದ ಕೌದಿಯನ್ನು ಬದುಕಿಸಿಕೊಳ್ಳಬೇಕಿತ್ತು.

ಅದಕ್ಕೂ ಓದು ದಾರಿ ತೋರಿಸಿತು. ತಿಗಣೆ ಹಸಿವನ್ನು ತಾಳುತ್ತದೆ, ಚಳಿಯನ್ನು ತಾಳುತ್ತದೆ, ಎಷ್ಟೋ ಔಷಧಿಗಳನ್ನೂ ಅರಗಿಸಿಕೊಂಡಿದೆ, ಆದರೆ ಜೋರು ಸೆಕೆ ತಾಳಲಾರದು. ಮೊಟ್ಟೆಯೂ ಉಳಿಯುವುದಿಲ್ಲ. ಮೇ ತಿಂಗಳ ಮರಾಠವಾಡದಲ್ಲಿ ಸೆಕೆಗೇನು ಬರ? ಸೋಮವಾರದಿಂದ ಕೌದಿ ನನ್ನ ಗಂಡನ ಜೊತೆ ಶೇಂದ್ರಾಕ್ಕೆ ನೌಕರಿಗೆ ಹೋಗತೊಡಗಿತು. ಕಾರ್ಖಾನೆಯ ಅಂಗಳದಲ್ಲಿ ನೆರಳಿಲ್ಲದ ಜಾಗ ಹುಡುಕಿ ಕಾರು ನಿಲ್ಲಿಸಬೇಕು, ಗಾಜು ಏರಿಸಬೇಕು, ಕೌದಿಯನ್ನು ಸೀಟುಗಳ ಮೇಲೆ ಒಂದೇ ಪದರವಾಗಿ ಹಾಸಬೇಕು, ಊಟದ ಹೊತ್ತಿಗೆ ಬಂದು ಮಗ್ಗುಲು ತಿರುವಬೇಕು. ಸ್ಟೇರಿಂಗಿನ ಮುಂದೆ ಒಂದು ಮೇಣದಬತ್ತಿ ನಿಲ್ಲಿಸಿ ಕಳಿಸಿದ್ದೆ, ಸೆಕೆ ಎಷ್ಟಿದೆ ಎಂದು ತಿಳಿಯಲು.

"ಊರಾಗ ಎಲ್ಲಾರೂ ನೆರಳು ಹುಡುಕಲತ್ತಾರ, ನಾ ಬಿಸಲು ಹುಡುಕಲತ್ತೀನಿ" ಎಂದು ಗಂಡ ಗೊಣಗಿದರು. ಆದರೆ ಮೊದಲ ಸಂಜೆಯೇ ಮೇಣದಬತ್ತಿಯನ್ನು ಮೇಲೆತ್ತಿ ಹಿಡಿದು ಮನೆಯೊಳಗೆ ಬಂದರು. ಅದು ಬಾಗಿ, ಕರಗಿ, ಕಪ್ಪೆಯ ಹಾಗೆ ಕುಳಿತುಬಿಟ್ಟಿತ್ತು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಕ್ಕರು. ಮೂರು ದಿನ ಹೀಗೆ ನಡೆಯಿತು. ಈ ನಡುವೆ ಔಷಧಿ ಸಿಂಪಡಿಸುವವರು ಬಂದು ನಮ್ಮ ಗೋಡೆ, ಮಂಚ ಎಲ್ಲ ಮುಗಿಸಿಹೋದರು. ಬುಧವಾರ ರಾತ್ರಿ ಕೌದಿ ಅತ್ತೆಯ ಕಾಲ ಮೇಲಿತ್ತು.

ಗುರುವಾರ ಸಂಜೆ ಬೆಲ್ಲು ಸದ್ದು ಮಾಡಿತು. ಕಾಕು, ಕೈಯಲ್ಲಿ ದೊಡ್ಡ ಕಪ್ಪು ಪ್ಲಾಸ್ಟಿಕ್ ಚೀಲ, ಬಾಯಿ ಬಿಗಿದು ಕಟ್ಟಿದ್ದು. ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತೇ ಹೇಳಿದರು: ಅವತ್ತು ಪಾಲ ಚುಕಚುಕಿಸಿದ್ದು ಮನಸ್ಸಿನಿಂದ ಹೋಗಲಿಲ್ಲ. ಮೈಮೇಲೆ ಗುಳ್ಳೆ ಇಲ್ಲವೆಂದ ಮಾತ್ರಕ್ಕೆ ಮನೆಯಲ್ಲಿ ಇಲ್ಲವೆಂದು ಹೇಗೆ ನಂಬಲಿ ಎಂದುಕೊಂಡು, ಇವತ್ತು ಗಂಡನಿಂದ ಸ್ವಿಚ್ ಬೋರ್ಡು ಬಿಚ್ಚಿಸಿದೆ. ಗೋಡೆಯಾಚೆಯದು, ನಿಮ್ಮ ಬೋರ್ಡಿನ ಬೆನ್ನಿಗೇ ಇರುವಂಥದು.

ಅಲ್ಲೂ ಅದೇ ಚರ್ಮಗಳ ರಾಶಿ. ನೆಲ ಒಣಗುವ ತನಕ ಗಂಡನನ್ನು ಹೊರಗೆ ನಿಲ್ಲಿಸುವ ಮನೆ ಅದು.

"ಇದು ನನ್ನ ತಾಯಿ ಹೊಲಿದ ಗೋಧಡಿ" ಎಂದರು. ಚೀಲದ ಗಂಟನ್ನೇ ನೋಡುತ್ತಿದ್ದರು. "ಸುಡಲು ಮನಸ್ಸು ಬರುತ್ತಿಲ್ಲ."

ನನ್ನ ನಾಲಿಗೆಯ ತುದಿಯಲ್ಲಿ ಒಂದು ಮಾತು ಒಂಬತ್ತು ದಿನದಿಂದ ತಯಾರಾಗಿ ನಿಂತಿತ್ತು. ಅದನ್ನು ಆಡಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಕಾಕುವಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಯೋಚಿಸದೆ ಅಪ್ಪಟ ಕಲಬುರಗಿ ಮಾತಿನಲ್ಲಿ ಹೇಳಿದರು:

"ಸುಡೂದ್ ಯಾಕ್ರಿ ಅಕ್ಕಾರ? ನಾಳಿ ಮುಂಜಾನಿ ಕೊಡ್ರಿ. ಚೀಲ ಬಿಚ್ಚಬ್ಯಾಡ್ರಿ, ಕಾರಿನಾಗೇ ಬಿಚ್ಚೋಣು. ಮಡಚಿ ಇಡಬಾರ್ದು, ಹಾಸಬೇಕು. ಮೂರು ದಿನ ಬಿಸಲು ಕುಡೀಲಿ. ನಮ್ಮ ಊರಿನಾಕಿ ನೀವು, ಹೆದರಬ್ಯಾಡ್ರಿ."

ಕಾಕುವಿಗೆ ಒಂದಕ್ಷರ ಬಿಡದೆ ಅರ್ಥವಾಯಿತು. ಅತ್ತೆಯ ಕೈ ಹಿಡಿದುಕೊಂಡು "ಹೋ ಮಾವಶಿ, ಹೋ" ಎಂದರು. ಹೌದು ದೊಡ್ಡಮ್ಮ, ಹೌದು!

ಮರುದಿನ ಬೆಳಿಗ್ಗೆ ಕನ್ನಡದ ಗೋಧಡಿ ನಮ್ಮ ಕಾರಿನಲ್ಲಿ ಶೇಂದ್ರಾಕ್ಕೆ ಹೊರಟಿತು. ಸ್ಟೇರಿಂಗಿನ ಮುಂದೆ ಹೊಸ ಮೇಣದಬತ್ತಿ ನಿಲ್ಲಿಸಿದವರು ಅತ್ತೆ.