ಉಳಿದವರೇ ಯಜಮಾನರಾದ ಭಾಗಾಕಾರ

ಹಾವೇರಿ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಭಾಗಾಕಾರವನ್ನು ಕರಿಹಲಗೆಯಿಂದ ಇಳಿಸಿ ಅಂಗಳಕ್ಕೆ ತಂದವರು ಯಾರೆಂದು ಕೇಳಿದರೆ, ಅವರ ಕೈಯಲ್ಲಿ ಕಲಿತ ನಾವೆಲ್ಲ ಹೇಳುವುದು ಪೂಜ್ಯ ಗುರುಮಾತೆ ಶ್ರೀಮತಿ ಮೈಮುನಾಬಿಯವರ ಹೆಸರನ್ನೇ. ಹಲಗೇರಿಯಲ್ಲಿ ಸೇವೆ ಆರಂಭಿಸಿ, ಮೇಡ್ಲೇರಿಯಲ್ಲಿ ಹೆಸರು ಗಳಿಸಿ, ಈಗ ಬ್ಯಾಡಗಿಯಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬೀಳ್ಕೊಡುಗೆ ಸಂಚಿಕೆಗೆ ಬರೆಯೆಂದು ಹಳೆಯ ಸಹಪಾಠಿಗಳು ಕೇಳಿದಾಗ, ದಿನಚರಿಯ ಹೊರಗೆ ಎಂದೂ ಬರೆಯದ ನಾನು ಹಿಂಜರಿದೆನಾದರೂ ಒಲ್ಲೆನೆನ್ನಲು ಮನಸ್ಸಾಗಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ನಾನು ಮೇಡ್ಲೇರಿಯಲ್ಲಿ ಆರನೆಯ ತರಗತಿ. ಗುರುಮಾತೆಯವರು ಒಂದು ಸಂಖ್ಯೆ ಕೂಗಿದರೆ ನಾವು ಅಷ್ಟಷ್ಟು ಜನರ ಗುಂಪಾಗಿ ನಿಲ್ಲಬೇಕು. ಎಷ್ಟು ಗುಂಪಾದವೋ ಅದು ಭಾಗಲಬ್ಧ, ಹೊರಗುಳಿದವರು ಶೇಷ. ಬೇರೆ ಆಟಗಳಲ್ಲಿ ಉಳಿದವರು ಔಟು. ಅವರ ಆಟದಲ್ಲಿ ಮಾತ್ರ ಮುಂದಿನ ಸಂಖ್ಯೆ ಕೂಗುವ ಯಜಮಾನಿಕೆ ಉಳಿದವರದೇ. ಓಡಿಹೋಗಿ ಯಾರ ಕೈಯನ್ನೂ ಹಿಡಿಯಲು ನಾಚುತ್ತಿದ್ದ ನಾನು ದಿನಾಲೂ ಉಳಿಯುತ್ತಿದ್ದೆ. ಹಾಗಾಗಿ ದಿನಾಲೂ ಬಾಯಿ ಬಿಡಲೇಬೇಕಾಗುತ್ತಿತ್ತು.

"ಸಾಲ್ಯಾಗ ಬರೇ ಕುಣಸ್ತಾರ" ಎಂದು ಊರವರು ದೂರಿದ್ದರಿಂದ ಪರಿವೀಕ್ಷಕರು ಬಂದರು. ಅವರು ಒಪ್ಪದಿದ್ದರೆ ಆಟ ಅಂದೇ ಬಂದ್. ಅಂದು ನಾವು ಮೂವತ್ತೇಳು ಮಕ್ಕಳಿದ್ದೆವು. ಪರಿವೀಕ್ಷಕರೇ "ನಾಲ್ಕು" ಎಂದರು, ನಾನುಳಿದೆ. ನಾನು ಮೆಲ್ಲಗೆ "ಆರು" ಎಂದೆ, ಮತ್ತೆ ನಾನೇ.

"ಏನ್ರಿ ಟೀಚರ, ಈ ಹುಡುಗಿ ಒಬ್ಬಾಕಿನ ಉಳಿಯಾಕತ್ತಾಳಲ್ಲ. ಇದೆಂಥಾ ಆಟ?" ಎಂದರು ಪರಿವೀಕ್ಷಕರು.

"ತಡೀರಿ ಸಾಹೇಬ್ರ, ಈಗ ಆಕಿನ ಯಜಮಾನ್ತಿ."

"ಲಗೂ ಹೇಳವಾ ಯಜಮಾನ್ತಿ, ಬಿಸಲಾಗ ತಲಿ ಸುಡಾಕತ್ತೈತಿ!" ಎಂದ ಸಹಪಾಠಿ ಶಹಬಾಜ.

ಗುರುಮಾತೆಯವರು ಕಣ್ಣಿನಲ್ಲೂ ಏನನ್ನೂ ಸೂಚಿಸಲಿಲ್ಲ. ತಮ್ಮ ಮಾನವೇ ಪಣಕ್ಕಿದ್ದರೂ ನಾನು ಯೋಚಿಸಿ ಮುಗಿಸುವವರೆಗೆ ಸುಮ್ಮನೆ ಕಾದರು. ನನಗೆ ಅವರು ಮಾಡಿದ ಅತಿ ದೊಡ್ಡ ಉಪಕಾರ ಅದೇ.

"ಮೂವತ್ತೇಳು!" ಎಂದೆ.

"ಏ, ಎಲ್ಲಾರೂ ಒಂದ ಗುಂಪಲೇ! ಭುವನಾ, ನೀನೂ ಬಾ ಇಲ್ಲೆ!" ಎಂದು ಶಹಬಾಜನೇ ಕೂಗಿದ. ಇಡೀ ತರಗತಿ ಒತ್ತಿ ನಿಂತು "ಶೇಷ ಸೊನ್ನೆ!" ಎಂದು ಅಬ್ಬರಿಸಿತು.

"ಯಾರೂ ಉಳೀಲಿಲ್ಲ. ಇನ್ನ ಮುಂದಿಂದು ಯಾರು ಹೇಳ್ತಾರ?" ಎಂದರು ಪರಿವೀಕ್ಷಕರು.

"ಹೊರಗ ನಿಂತೋರು ನೀವ ಅಲ್ಲೇನ್ರಿ, ಸಾಹೇಬ್ರ?" ಎಂದರು ಗುರುಮಾತೆ.

ಪರಿವೀಕ್ಷಕರು ನಕ್ಕು "ಎರಡು" ಎಂದರು. ಜೋಡಿ ಸಿಗದೆ ನಿಂತ ನನ್ನ ಪಕ್ಕಕ್ಕೆ ತಾವೇ ಬಂದು ನಿಂತರು. ಮುಂದೆ ಅವರೇ ಸುತ್ತಲಿನ ಶಿಕ್ಷಕರನ್ನು ರಾಣೆಬೆನ್ನೂರಿಗೆ ಕರೆಸಿ, ಆಟವನ್ನು ಗುರುಮಾತೆಯವರಿಂದಲೇ ಹೇಳಿಕೊಡಿಸಿದರು.

ಪದವಿ ಮುಗಿಸಿದ ನಾನು ಬರುವ ಜೂನ್‌ನಲ್ಲಿ ಮೊದಲ ಬಾರಿಗೆ ಪಾಠ ಹೇಳಲಿದ್ದೇನೆ. ಗುರುಮಾತೆಯವರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ. ನನ್ನ ಮೊದಲ ಪಾಠದ ದಿನ ನನ್ನ ಶಾಲೆಯ ಅಂಗಳಕ್ಕೆ ಬಂದು ಮಕ್ಕಳ ನಡುವೆ ನಿಲ್ಲಲಿ. ಸಂಖ್ಯೆಯನ್ನು ನಾನು ಗಟ್ಟಿಯಾಗಿಯೇ ಕೂಗುತ್ತೇನೆ.